ಗಾಣದ ಎಣ್ಣೆ ಮಾರುವ ಜಾಲತಾಣಕ್ಕೆ ಖಾಸಗಿತನದ ನೀತಿ: ಕನ್ನಡದಲ್ಲಿ ಏನೆಂದು ಬರೆಯೋಣ?

ಗಾಣದಮನೆ, ತಿಪಟೂರು
ಎಲ್ಲರಿಗೂ ನಮಸ್ಕಾರ. ನಮ್ಮದು ಎರಡು ಮರದ ಗಾಣಗಳಿರುವ ಸಣ್ಣ ಉದ್ಯಮ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಕಾಳು ಸಿಕ್ಕಾಗ ಹುಚ್ಚೆಳ್ಳೆಣ್ಣೆ ತೆಗೆಯುತ್ತೇವೆ. ಮೂರು ವರ್ಷದ ಹಿಂದೆ ಒಬ್ಬರಿಂದ ಜಾಲತಾಣ ಮಾಡಿಸಿದ ಮೇಲೆ ತುಮಕೂರು, ಬೆಂಗಳೂರು, ಶಿವಮೊಗ್ಗದ ಕಡೆಯಿಂದಲೂ ಆರ್ಡರ್ ಬರುತ್ತಿದೆ.

ಕಳೆದ ವಾರ ಚಿಕ್ಕನಾಯಕನಹಳ್ಳಿಯ ಗ್ರಾಹಕರೊಬ್ಬರು ಕರೆ ಮಾಡಿ, "ನಿಮ್ಮಲ್ಲಿ ಐದು ಲೀಟರ್ ಎಣ್ಣೆ ತರಿಸಿದಂದಿನಿಂದ ಸಾಲ ಬೇಕೇ, ವಿಮೆ ಬೇಕೇ ಎಂದು ದಿನಕ್ಕೆ ನಾಲ್ಕು ಕರೆ ಬರುತ್ತಿವೆ. ನನ್ನ ನಂಬರನ್ನು ಯಾರಿಗೆ ಕೊಟ್ಟಿರಿ?" ಎಂದು ಕೇಳಿದರು. ಯಾರಿಗೂ ಕೊಟ್ಟಿಲ್ಲ ಎಂದೆ. "ಕೊಡುತ್ತೇವೆ ಎಂದು ನಿಮ್ಮ ತಾಣದಲ್ಲೇ ಬರೆದಿದೆಯಲ್ಲ" ಎಂದರು. ತೆರೆದು ನೋಡಿದರೆ ಅವರ ಮಾತು ನಿಜ. ತಾಣ ಮಾಡಿಕೊಟ್ಟವರು ಎಲ್ಲಿಂದಲೋ ತಂದು ಅಂಟಿಸಿದ ಇಂಗ್ಲಿಷ್ ನೀತಿ ಕೆಳಗಡೆ ಇದೆ. ಗ್ರಾಹಕರ ವಿವರಗಳನ್ನು "ನಮ್ಮ ಪಾಲುದಾರರೊಂದಿಗೆ" ಹಂಚಿಕೊಳ್ಳಬಹುದು ಎಂದು ಅದರಲ್ಲಿದೆ. ನನಗಿರುವ ಪಾಲುದಾರಳು ನನ್ನ ತಂಗಿ ಒಬ್ಬಳೇ. ಇನ್ನೂ ಕೆಳಗೆ ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಪ್ರತ್ಯೇಕ ಹಕ್ಕುಗಳಿವೆ. ಹಿಂದೂಪುರ ದಾಟಿ ಆಚೆಗೆ ನಮ್ಮ ಎಣ್ಣೆ ಹೋದದ್ದೇ ಇಲ್ಲ.

ಆ ಪುಟವನ್ನು ತೆಗೆದು ಕನ್ನಡದಲ್ಲಿ ಹೊಸದಾಗಿ ಬರೆಯಬೇಕೆಂದಿದ್ದೇನೆ. ಅದರಲ್ಲಿ ಏನಿರಬೇಕು, ಏನಿರಬಾರದು? ತಿಳಿದವರು ದಯವಿಟ್ಟು ಹೇಳಿ.

ಕಲ್ಲುಬಂಡೆ, ಮಧುಗಿರಿ
ಯಾರೂ ಓದದ ಪುಟಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ?

ಗಾಣದಮನೆ, ತಿಪಟೂರು
ಒಬ್ಬರು ಓದಿದ್ದರಿಂದಲೇ ಈ ಪ್ರಶ್ನೆ ಬಂದಿರುವುದು, ಸರ್.

ನಂದಿತಪ್ಪಲು, ಚಿಕ್ಕಬಳ್ಳಾಪುರ
ನಾನು ಜಾಲತಾಣ ಕಟ್ಟುವ ಕೆಲಸದಲ್ಲಿರುವವನು, ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಬರೆಯಲು ಈಗಲೇ ಕೂರಬೇಡಿ. ನಿಮ್ಮ ತಾಣ ನಿಜವಾಗಿ ಏನು ಮಾಡುತ್ತಿದೆ ಎಂಬುದನ್ನು ಮೊದಲು ನೋಡಿ. ಕಂಪ್ಯೂಟರಿನಲ್ಲಿ ತಾಣವನ್ನು ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಎಂಬ ವಿಭಾಗವನ್ನು ಆರಿಸಿ, ಪುಟವನ್ನು ಮತ್ತೊಮ್ಮೆ ಲೋಡ್ ಮಾಡಿ. ಸಾಲುಸಾಲಾಗಿ ಕಾಣುವ ವಿಳಾಸಗಳಲ್ಲಿ ನಿಮ್ಮ ತಾಣದ ಹೆಸರಿಲ್ಲದ ಬಹುತೇಕ ವಿಳಾಸಗಳು ಬೇರೆಯವರ ಕಂಪ್ಯೂಟರುಗಳದ್ದು. ಗ್ರಾಹಕರು ಒಂದು ಅಕ್ಷರವನ್ನೂ ತುಂಬುವ ಮೊದಲೇ, ಅವರ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಅವರ ಸಂಪರ್ಕಕ್ಕಿರುವ ಸಂಖ್ಯೆ), ಅವರು ಬಳಸುವ ಬ್ರೌಸರ್, ಭೇಟಿಯ ಸಮಯ ಇವೆಲ್ಲ ಆ ಕಡೆಗಳಿಗೂ ಹೋಗಿರುತ್ತವೆ.

ನೀವು ಖಾಸಗಿಯಾಗಿ ಕಳುಹಿಸಿದ ವಿಳಾಸವನ್ನು ರೈಲಿನಲ್ಲಿ ಕುಳಿತು ನೋಡಿದೆ. ಅಕ್ಷರದ ಫಾಂಟು ಒಂದು ಕಡೆಯಿಂದ ಬರುತ್ತಿದೆ, ಗಾಣ ತಿರುಗುವ ವಿಡಿಯೊ ಇನ್ನೊಂದು ಕಡೆಯಿಂದ, ಅಂಗಡಿಗೆ ದಾರಿ ತೋರಿಸುವ ನಕ್ಷೆ ಮತ್ತೊಂದು ಕಡೆಯಿಂದ. ಮೂಲೆಯಲ್ಲಿ ಚಾಟ್ ಡಬ್ಬಿಯೊಂದಿದೆ, ಭೇಟಿಗಳ ಲೆಕ್ಕ ಇಡುವ ಸಾಧನವಿದೆ, ಜಾಹೀರಾತಿನ ಪಿಕ್ಸೆಲ್ ಒಂದಿದೆ. ಪಿಕ್ಸೆಲ್ ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿತ್ರ ಅಥವಾ ಒಂದು ತುಣುಕು ಕೋಡ್. ಈ ವ್ಯಕ್ತಿ ಕಡಲೆಕಾಯಿ ಎಣ್ಣೆಯ ಪುಟ ನೋಡಿದರು ಎಂಬ ಸುದ್ದಿಯನ್ನು ಜಾಹೀರಾತಿನವರಿಗೆ ಮುಟ್ಟಿಸುವುದು ಅದರ ಕೆಲಸ. ನೀವು ಜಾಹೀರಾತು ಕೊಡುತ್ತೀರಾ?

ಗಾಣದಮನೆ, ತಿಪಟೂರು
2023ರ ದೀಪಾವಳಿಗೆ ಒಮ್ಮೆ ಎರಡು ಸಾವಿರ ರೂಪಾಯಿಗೆ ಕೊಟ್ಟಿದ್ದೆವು. ಆಮೇಲೆ ಇಲ್ಲ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಹಾಗಾದರೆ ಅಂದಿನಿಂದ ಇಂದಿನವರೆಗೂ ನಿಮ್ಮ ಅಂಗಡಿಗೆ ಯಾರು ಬಂದರು, ಯಾರು ಹೋದರು ಎಂಬ ಸುದ್ದಿಯನ್ನು ಬಿಟ್ಟಿಯಾಗಿ ಕೊಡುತ್ತಿದ್ದೀರಿ. ಅದನ್ನು ಇವತ್ತೇ ತೆಗೆಸಿ. ಫಾಂಟನ್ನು ನಿಮ್ಮ ಸರ್ವರಿನಲ್ಲೇ ಇಟ್ಟುಕೊಳ್ಳಬಹುದು, ಐದು ನಿಮಿಷದ ಕೆಲಸ. ಫಾಂಟಿನಲ್ಲೇನಿದೆ ಎಂದು ನಗಬೇಡಿ. ಗೂಗಲ್ ಫಾಂಟನ್ನು ಈ ರೀತಿ ಹೊರಗಿನಿಂದ ತಂದು ಸಂದರ್ಶಕರ ಐಪಿ ವಿಳಾಸವನ್ನು ಒಪ್ಪಿಗೆಯಿಲ್ಲದೆ ದಾಟಿಸಿದ ತಾಣವೊಂದರ ಮಾಲೀಕರು ಆ ಸಂದರ್ಶಕರಿಗೆ 100 ಯೂರೊ ಕೊಡಬೇಕೆಂದು 2022ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ನಗರದ ನ್ಯಾಯಾಲಯ ತೀರ್ಪು ಕೊಟ್ಟಿತ್ತು. ಅದು ಯುರೋಪಿನ ಕಾನೂನು, ನಮಗೆ ಅನ್ವಯಿಸದು. ಆದರೆ ಮಾಹಿತಿ ಸೋರುವ ದಾರಿ ಅಲ್ಲಿಯೂ ಇಲ್ಲಿಯೂ ಒಂದೇ.

ಕಲ್ಲುಬಂಡೆ, ಮಧುಗಿರಿ
ಐಪಿ ವಿಳಾಸದಿಂದ ನಮ್ಮ ಮನೆ ಎಲ್ಲಿದೆ ಎಂದು ಗೊತ್ತಾಗುತ್ತದೆಯೇ? ಸುಮ್ಮನೆ ಹೆದರಿಸುತ್ತಿದ್ದೀರಿ. ಮಧುಗಿರಿಯಲ್ಲಿ ಕುಳಿತು ನಾನು ಯಾವ ತಾಣ ತೆರೆದರೂ ಅದು ನನ್ನನ್ನು ಬೆಂಗಳೂರಿನವನು ಎಂದುಕೊಳ್ಳುತ್ತದೆ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ನಿಮ್ಮ ಅನುಭವ ಸರಿ. ಮೊಬೈಲ್ ಇಂಟರ್ನೆಟ್ಟಿನಲ್ಲಿ ಒಂದೇ ಐಪಿ ವಿಳಾಸದ ಹಿಂದೆ ಬಹಳಷ್ಟು ಜನ ಇರುವುದರಿಂದ ಅದೊಂದರಿಂದ ನಿಮ್ಮ ಬೀದಿ ಗೊತ್ತಾಗುವುದಿಲ್ಲ. ಗುರುತು ಹಿಡಿಯುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಕುಕೀ, ಅಂದರೆ ತಾಣವು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಸಣ್ಣ ಗುರುತು. ಮಡಿವಾಳರು ಬಟ್ಟೆಯ ಅಂಚಿಗೆ ಹಾಕುವ ಗುರುತನ್ನು ನೆನಪಿಸಿಕೊಳ್ಳಿ. ಯಾವ ಮನೆಯ ಬಟ್ಟೆ ಎಂದು ಮತ್ತೆ ಗೊತ್ತಾಗಲು ಅದು ಬೇಕೇ ಬೇಕು. ನಿಮ್ಮ ಬುಟ್ಟಿಯಲ್ಲಿ ಎರಡು ಲೀಟರ್ ಎಣ್ಣೆ ಇದೆ ಎಂದು ಅಂಗಡಿಯ ತಾಣ ನೆನಪಿಟ್ಟುಕೊಳ್ಳುವುದೂ ಅಂಥ ಗುರುತಿನಿಂದಲೇ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಅದನ್ನು ರೂಪಿಸಿದ ಕಾಲದಲ್ಲಿ ಖರೀದಿಯ ಬುಟ್ಟಿಯೇ ಮುಂದಿದ್ದ ಸಮಸ್ಯೆ. ತೊಂದರೆ ಶುರುವಾಗುವುದು ಊರಿನ ಎಲ್ಲ ಅಂಗಡಿಗಳ ಬಾಗಿಲಲ್ಲೂ ಒಬ್ಬನೇ ನಿಂತು ನಿಮ್ಮ ಅಂಗಿಗೆ ಒಂದೇ ಗುರುತು ಹಾಕುತ್ತಾ ಹೋದಾಗ. ಸಫಾರಿ ಬ್ರೌಸರ್ 2020ರಲ್ಲೇ ಇಂಥ ಹೊರಗಿನವರ ಕುಕೀಗಳನ್ನು ತಡೆಯಿತು. ಕ್ರೋಮ್ ತಡೆಯುತ್ತೇನೆ ಎಂದು ವರ್ಷಗಟ್ಟಲೆ ಹೇಳಿ ಕೊನೆಗೆ ಕೈಬಿಟ್ಟಿತು.

ಕಪ್ಪುಕೋಟು, ತುಮಕೂರು
ಕಾನೂನಿನ ಬಗ್ಗೆ ಕೇಳಿದ್ದೀರಿ, ಹೇಳುತ್ತೇನೆ. "ನಾವು ಸಣ್ಣವರು, ಇದೆಲ್ಲ ದೊಡ್ಡ ಕಂಪನಿಗಳಿಗೆ" ಎಂಬ ನಂಬಿಕೆ ನಮ್ಮ ಕಡೆಯ ವ್ಯಾಪಾರಸ್ಥರಲ್ಲಿ ಬಲವಾಗಿದೆ. ಆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಕಂಪನಿಗಳ ಜೊತೆಗೆ ಪಾಲುದಾರಿಕೆಯ ಸಂಸ್ಥೆಯನ್ನೂ ಒಬ್ಬನೇ ಮಾಲೀಕನಿರುವ ಅಂಗಡಿಯನ್ನೂ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಅದರಡಿ ಬಂದ 2011ರ ನಿಯಮಗಳ ಪ್ರಕಾರ, ಮಾಹಿತಿ ಸಂಗ್ರಹಿಸುವವರು ತಮ್ಮ ನೀತಿಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕು ಮತ್ತು ದೂರುಗಳನ್ನು ಒಂದು ತಿಂಗಳೊಳಗೆ ಬಗೆಹರಿಸುವವರ ಹೆಸರು, ಸಂಪರ್ಕ ವಿವರಗಳನ್ನು ಅಲ್ಲಿ ಕೊಡಬೇಕು.

ಇನ್ನು ಹೊಸ ಕಾಯ್ದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ನಿಮ್ಮಂಥವರ ಮೇಲೆ ಹೊಣೆ ಹೊರಿಸುವ ಮುಖ್ಯ ಭಾಗಗಳು ಅಲ್ಲಿಂದ 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರಬೇಕು. ಕೆಲವು ವರ್ಗದವರಿಗೆ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿದೆಯಾದರೂ ಸಣ್ಣ ಅಂಗಡಿ ಎಂಬ ಕಾರಣಕ್ಕೇ ತಾನಾಗಿ ಯಾರಿಗೂ ವಿನಾಯಿತಿ ಸಿಗುವುದಿಲ್ಲ. ನಿಮಗೆ ಸಂತೋಷದ ಸಂಗತಿಯೊಂದಿದೆ. ಒಪ್ಪಿಗೆ ಕೇಳುವ ಬರಹವು ಸರಳವಾದ ಭಾಷೆಯಲ್ಲಿರಬೇಕು ಮತ್ತು ಅದನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ 22 ಭಾಷೆಗಳಲ್ಲಿ ಯಾವುದರಲ್ಲಾಗಲಿ ಓದುವ ಆಯ್ಕೆ ಗ್ರಾಹಕರಿಗೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ಕನ್ನಡದಲ್ಲಿ ಬರೆಯುವುದು ನೀವು ಗ್ರಾಹಕರಿಗೆ ಮಾಡುವ ಉಪಕಾರ ಎಂದು ತಿಳಿಯಬೇಡಿ, ಅದು ಅವರಿಗೆ ಸಲ್ಲಬೇಕಾದದ್ದು.

ಬಿಸಿಕಾಫಿ, ಕೋಲಾರ
ಎರಡು ಪ್ಯಾರಾ ಓದುವಷ್ಟರಲ್ಲಿ ನನ್ನ ಕಾಫಿ ಆರಿಹೋಯಿತು. ಆದರೂ ಉಪಯುಕ್ತವಾಗಿದೆ, ವಕೀಲರೇ.

ಕಲ್ಲುಬಂಡೆ, ಮಧುಗಿರಿ
ನಾನು ಕೇಳುವುದು ಬೇರೆ. ನನ್ನ ಜಮೀನಿನ ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ಪಹಣಿ ತೆಗೆದು ನನ್ನ ಹೆಸರು, ಎಷ್ಟು ಎಕರೆ, ಎಷ್ಟು ಗುಂಟೆ ಎಂದು ನೋಡಬಹುದು. ಹನ್ನೊಂದನೇ ಕಾಲಂನಲ್ಲಿ ಬ್ಯಾಂಕಿನ ಸಾಲವೂ ಕಾಣುತ್ತದೆ. ಸಾಲವೇ ಬಯಲಲ್ಲಿರುವಾಗ ನಾನು ಯಾವ ಎಣ್ಣೆ ಕೊಂಡೆ ಎಂಬುದು ಯಾವ ಮಹಾ ಗುಟ್ಟು?

ಮಾವಿನತೋಪು, ಶ್ರೀನಿವಾಸಪುರ
ಪಹಣಿಯಲ್ಲಿ ನಿಮ್ಮ ಫೋನ್ ನಂಬರ್ ಇರುವುದಿಲ್ಲ, ಕಲ್ಲುಬಂಡೆಯವರೇ. ರಾತ್ರಿ ಎಂಟು ಗಂಟೆಗೆ ಊಟಕ್ಕೆ ಕೂತಾಗ ಪಹಣಿ ನಿಮ್ಮನ್ನು ಕರೆಯುವುದಿಲ್ಲ. ಅದಲ್ಲದೆ ಜಮೀನು ಕೊಳ್ಳುವವನು ಮೋಸ ಹೋಗಬಾರದೆಂದು ಆ ಕಾಲಂ ಎಲ್ಲರಿಗೂ ಕಾಣುವಂತಿದೆ. ನನ್ನ ತೋಟವನ್ನು ಫಸಲಿಗೆ ಹಿಡಿಯಲು ಬಂದ ವ್ಯಾಪಾರಿಗೆ ಪಹಣಿ ತೋರಿಸುತ್ತೇನೆ. ಆದರೆ ಅವನು ಅದರ ಫೋಟೊ ತೆಗೆದು ಇನ್ನೊಬ್ಬನಿಗೆ ಕಳುಹಿಸಿದರೆ ಜಗಳಕ್ಕೇ ಹೋಗುತ್ತೇನೆ.

ಕಪ್ಪುಕೋಟು, ತುಮಕೂರು
ಕಾನೂನು ಕೂಡ ಈ ವ್ಯತ್ಯಾಸವನ್ನು ಗುರುತಿಸುತ್ತದೆ. ಕಾನೂನಿನ ಕಟ್ಟುಪಾಡಿನಿಂದಾಗಿ ಸಾರ್ವಜನಿಕಗೊಳಿಸಿದ ಮಾಹಿತಿಗೆ 2023ರ ಕಾಯ್ದೆ ಅನ್ವಯಿಸುವುದಿಲ್ಲ. ಹಾಗೆಂದು ಒಂದು ವಿವರ ಎಲ್ಲೋ ಬಯಲಾಗಿದೆ ಎಂಬ ಕಾರಣಕ್ಕೆ ಉಳಿದದ್ದೆಲ್ಲ ಬಯಲಾಗಲಿ ಎಂದು ವಾದಿಸಲಾಗದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣಕ್ಕೆ ಕಾರಣರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳು. 2012ರಲ್ಲಿ ಅರ್ಜಿ ಹಾಕಿದಾಗ ಅವರು ಎಂಬತ್ತು ದಾಟಿದವರು. ಗುಟ್ಟೇನಿದೆ ಎಂದು ಅವರನ್ನೂ ಆಗ ಬಹಳ ಜನ ಕೇಳಿರಬೇಕು.

ಹಳೇ ಮೇಷ್ಟ್ರು, ಕೋಲಾರ
ಎಲ್ಲರೂ ಕಾನೂನು, ಯಂತ್ರ ಎಂದು ಹೇಳುತ್ತಿದ್ದೀರಿ. ನಾನು ಭಾಷೆಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಇಂಗ್ಲಿಷ್ ನೀತಿಯನ್ನು ಸಾಲಿಗೆ ಸಾಲು ಕನ್ನಡಕ್ಕೆ ಇಳಿಸಿದರೆ ಅದು ಈಗಿರುವುದಕ್ಕಿಂತಲೂ ಕಡೆ. ಒಂದು ತಾಣದಲ್ಲಿ "ನಿಮ್ಮ ಮಾಹಿತಿಯನ್ನು ತೃತೀಯ ಪಕ್ಷಗಳೊಂದಿಗೆ ಹಂಚಿಕೊಳ್ಳಬಹುದು" ಎಂದು ಓದಿದೆ. ನಮ್ಮ ಕೋಲಾರದಲ್ಲಿ ತೃತೀಯ ಪಕ್ಷ ಎಂದರೆ ಚುನಾವಣೆಯ ಮಾತು ಎಂದುಕೊಳ್ಳುತ್ತಾರೆ. ಕೊರಿಯರಿನವರಿಗೆ ಕೊಡುತ್ತೇವೆ, ಹಣ ಪಾವತಿಯ ಕಂಪನಿಗೆ ಕೊಡುತ್ತೇವೆ ಎಂದು ಯಾರೆಂಬುದನ್ನು ಹೇಳಿಬಿಡಿ. "ನಿಮ್ಮ ಅನುಭವವನ್ನು ಉತ್ತಮಗೊಳಿಸಲು" ಎಂಬ ಸಾಲನ್ನಂತೂ ದಯವಿಟ್ಟು ಬಳಸಬೇಡಿ. ಎಣ್ಣೆ ಚೆನ್ನಾಗಿದ್ದರೆ ಅನುಭವವೂ ಚೆನ್ನಾಗಿರುತ್ತದೆ.

ಹಾಗೆಯೇ, "ಗೌಪ್ಯತೆ" ಬೇಡ, "ಖಾಸಗಿತನ" ಇರಲಿ. ಗೌಪ್ಯತೆ ಎಂದರೆ ಬಚ್ಚಿಡುವುದು. ಗ್ರಾಹಕರು ಏನನ್ನೂ ಬಚ್ಚಿಡುತ್ತಿಲ್ಲ, ವಿಳಾಸವನ್ನು ತಾವಾಗಿಯೇ ಬರೆದುಕೊಟ್ಟಿದ್ದಾರೆ. ಎಣ್ಣೆ ತಲುಪಿಸುವುದಕ್ಕೆ ಕೊಟ್ಟದ್ದನ್ನು ಬೇರೆಯದಕ್ಕೆ ಬಳಸಬೇಡಿ ಎಂಬುದಷ್ಟೇ ಅವರ ನಿರೀಕ್ಷೆ.

ಕಪ್ಪುಕೋಟು, ತುಮಕೂರು
ಮೇಷ್ಟ್ರು ಹೇಳಿದ್ದು ಕಾಯ್ದೆಯ ಹೃದಯಕ್ಕೇ ಹತ್ತಿರದ ಮಾತು. ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ಔಷಧಿ ಅಂಗಡಿಯಲ್ಲಿ ಗ್ರಾಹಕರು ರಸೀದಿ ಕಳುಹಿಸಿ ಎಂದು ತಾವಾಗಿ ನಂಬರ್ ಕೊಟ್ಟರೆ, ಆ ರಸೀದಿಗಾಗಿ ಅದನ್ನು ಬಳಸಲು ಅಡ್ಡಿಯಿಲ್ಲ. ಅದೇ ನಂಬರಿಗೆ ಯುಗಾದಿ ರಿಯಾಯಿತಿಯ ಸಂದೇಶ ಕಳುಹಿಸಬೇಕೆಂದರೆ ಬೇರೆಯಾಗಿ ಕೇಳಬೇಕಾಗುತ್ತದೆ. ಇನ್ನೊಂದು ಉದಾಹರಣೆಯಲ್ಲಿ ದೂರದಿಂದಲೇ ವೈದ್ಯರ ಸಲಹೆ ಕೊಡಿಸುವ ಆ್ಯಪೊಂದು ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನೂ ಕೇಳುತ್ತದೆ, ಗ್ರಾಹಕರು ಎರಡಕ್ಕೂ ಹೂಂ ಎನ್ನುತ್ತಾರೆ. ಚಿಕಿತ್ಸೆಗೆ ಆ ಪಟ್ಟಿ ಬೇಕಿಲ್ಲವಾದ್ದರಿಂದ ಅಷ್ಟರ ಮಟ್ಟಿಗೆ ಆ ಒಪ್ಪಿಗೆ ಲೆಕ್ಕಕ್ಕಿಲ್ಲ.

ಝೆರಾಕ್ಸ್ ಅಂಗಡಿ, ಚಿಂತಾಮಣಿ
ಒಪ್ಪಿಗೆ ಒಪ್ಪಿಗೆ ಎಂದು ಬಹಳ ಕೇಳಿದೆ. ಆ ಒಪ್ಪಿಗೆ ಕೊಡುವವರು ಯಾರು ಎಂದು ನನ್ನ ಅಂಗಡಿಗೆ ಬಂದು ನೋಡಿ. ಅರ್ಜಿ ತುಂಬಿಸಲು ಬರುವವರಲ್ಲಿ ಅರ್ಧಕ್ಕೂ ಹೆಚ್ಚು ಜನ ನನ್ನ ಎದುರಿನ ಸ್ಟೂಲಿನ ಮೇಲೆ ಕೂತಿರುತ್ತಾರೆ, ಪರದೆ ಇರುವುದು ನನ್ನ ಕಡೆಗೆ. "ಮೇಲಿನ ಷರತ್ತುಗಳನ್ನು ಓದಿ ಒಪ್ಪಿದ್ದೇನೆ" ಎಂಬ ಚೌಕಕ್ಕೆ ದಿನಕ್ಕೆ ನಲವತ್ತು ಸಲ ಟಿಕ್ ಹಾಕುವವನು ನಾನು. ಇ-ಮೇಲ್ ಇಲ್ಲದವರಿಗೆ ನನ್ನದನ್ನೇ ಹಾಕುತ್ತೇನೆ. ಓಟಿಪಿ ಬಂದಾಗ ಅಜ್ಜಿ ಫೋನನ್ನೇ ನನ್ನ ಕೈಗೆ ಕೊಡುತ್ತಾರೆ.

ಈ ಚರ್ಚೆ ಓದಿದ ಮೇಲೆ ಅಂಗಡಿಯ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರನ್ನು ತೆರೆದು ನೋಡಿದೆ. 1,100ಕ್ಕೂ ಹೆಚ್ಚು ಕಡತಗಳಿದ್ದವು. ಆಧಾರ್, ಪಹಣಿ, ಅಂಕಪಟ್ಟಿ, ಒಬ್ಬರ ಸ್ಕ್ಯಾನಿಂಗ್ ವರದಿ ಕೂಡ. ತಾಣಗಳು ಎಷ್ಟೇ ಭದ್ರವಾಗಿದ್ದರೂ ಕಾಗದವೆಲ್ಲ ಇಲ್ಲಿ ಬಿದ್ದಿದೆ.

ಇಬ್ಬರು ಮಕ್ಕಳ ತಾಯಿ, ಶಿರಾ
ಅಣ್ಣ, ಅಷ್ಟನ್ನೂ ಇನ್ನೂ ಅಳಿಸಿಲ್ಲವೇ?

ಝೆರಾಕ್ಸ್ ಅಂಗಡಿ, ಚಿಂತಾಮಣಿ
ಅಳಿಸಿದರೆ ಮುಂದಿನ ವಾರ ಅದೇ ಅಜ್ಜಿ ಬಂದು "ಹೋದ ಸಲ ಮಾಡಿದ್ದೆಯಲ್ಲಪ್ಪ, ಅದನ್ನೇ ಒಂದು ಪ್ರಿಂಟ್ ಕೊಡು" ಎನ್ನುತ್ತಾರೆ, ಅಕ್ಕ. ಆಧಾರ್ ಮನೆಯಲ್ಲಿ ಬಿಟ್ಟು ಬಂದಿರುತ್ತಾರೆ, ಮನೆ ಹದಿನಾಲ್ಕು ಕಿಲೋಮೀಟರ್ ದೂರ. ಬಸ್ಸು ಮಧ್ಯಾಹ್ನ ಒಂದೇ. ನಾನು ಇಟ್ಟುಕೊಂಡಿದ್ದು ವ್ಯಾಪಾರಕ್ಕಲ್ಲ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ನಿಮ್ಮ ಉದ್ದೇಶದ ಬಗ್ಗೆ ಯಾರಿಗೂ ಅನುಮಾನವಿಲ್ಲ. ಆದರೆ ಆ ಕಂಪ್ಯೂಟರು ರಿಪೇರಿಗೆ ಹೋದ ದಿನ ಅಷ್ಟೂ ಕಡತಗಳು ಅದರ ಜೊತೆ ಹೋಗುತ್ತವೆ. ಮಾಸ್ಕ್ಡ್ ಆಧಾರ್ ಎಂಬುದಿದೆ, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಅದು ಸಾಲುವ ಕಡೆ ಅದನ್ನೇ ಬಳಸಿ. ಉಳಿದದ್ದನ್ನು ರಾತ್ರಿ ಅಂಗಡಿ ಮುಚ್ಚುವಾಗ ಅಳಿಸಿ.

ಮಾವಿನತೋಪು, ಶ್ರೀನಿವಾಸಪುರ
2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ "ಆಧಾರ್ ಜೆರಾಕ್ಸ್ ಪ್ರತಿಯನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ" ಎಂಬರ್ಥದ ಸೂಚನೆ ಕೊಟ್ಟಿತ್ತು. ಎರಡೇ ದಿನದಲ್ಲಿ ಅದನ್ನು ಹಿಂತೆಗೆದುಕೊಂಡರು. ನಾವು ಯಾವ ದಿನದ ಸೂಚನೆಯನ್ನು ಪಾಲಿಸಬೇಕು?

ಇಬ್ಬರು ಮಕ್ಕಳ ತಾಯಿ, ಶಿರಾ
ಗಾಣದಮನೆಯವರ ವಿಷಯಕ್ಕೆ ಮರಳೋಣ. ನಾನೂ ಅವರ ತಾಣದಲ್ಲಿ ಕೊಬ್ಬರಿ ಎಣ್ಣೆ ತರಿಸಿದ್ದೇನೆ, ಎಣ್ಣೆಯ ಬಗ್ಗೆ ದೂರಿಲ್ಲ. ಆದರೆ ಆರ್ಡರ್ ಮಾಡುವಾಗ ಹುಟ್ಟಿದ ದಿನಾಂಕ ಕೇಳಿದರು, ತುಂಬದಿದ್ದರೆ ಮುಂದಕ್ಕೇ ಹೋಗುವುದಿಲ್ಲ. ಎಣ್ಣೆಗೂ ನನ್ನ ವಯಸ್ಸಿಗೂ ಏನು ಸಂಬಂಧ? ಕೊನೆಗೆ 1900ರ ಜನವರಿ 1 ಎಂದು ಹಾಕಿದೆ. ನಿಮ್ಮ ಪಟ್ಟಿಯಲ್ಲಿ ನೂರು ದಾಟಿದ ಗ್ರಾಹಕಿಯೊಬ್ಬರು ಕಂಡರೆ ಅದು ನಾನೇ.

ಗಾಣದಮನೆ, ತಿಪಟೂರು
ಮೇಡಂ, ಕ್ಷಮಿಸಿ. ಹುಟ್ಟುಹಬ್ಬಕ್ಕೆ ರಿಯಾಯಿತಿ ಕೊಡೋಣ ಎಂದು ತಾಣ ಮಾಡಿದವರು ಹೇಳಿದ್ದರು. ಇವತ್ತಿನವರೆಗೆ ಒಬ್ಬರಿಗೂ ಕೊಟ್ಟಿಲ್ಲ. ನಿಮಗೆ ಶುಭಾಶಯ ಕಳುಹಿಸುವುದೂ ಮರೆತಿದೆ.

ಕಪ್ಪುಕೋಟು, ತುಮಕೂರು
ಆ ಖಾನೆಯನ್ನು ತೆಗೆಯಲು ಇನ್ನೊಂದು ಕಾರಣವಿದೆ. ಹೊಸ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಪಡೆಯಲು ತಂದೆ ತಾಯಿಯ ಖಚಿತ ಒಪ್ಪಿಗೆ ಬೇಕು, ಅವರ ನಡವಳಿಕೆಯ ಜಾಡು ಹಿಡಿದು ಜಾಹೀರಾತು ತೋರಿಸುವುದಕ್ಕೆ ನಿಷೇಧವಿದೆ. ಹದಿನಾರರ ಹುಡುಗನೊಬ್ಬ ತನ್ನ ನಿಜವಾದ ಜನ್ಮದಿನಾಂಕ ತುಂಬಿದರೆ, ಅವನು ಬಾಲಕ ಎಂಬುದು ನಿಮ್ಮ ದಾಖಲೆಯಲ್ಲೇ ಇದ್ದಂತಾಯಿತು. ಕೊಡದ ರಿಯಾಯಿತಿಗಾಗಿ ಆ ಹೊಣೆಯನ್ನು ಯಾಕೆ ಹೊರುತ್ತೀರಿ?

ಗಾಣದಮನೆ, ತಿಪಟೂರು
ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಂದಿತಪ್ಪಲಿನವರು ಹೇಳಿದಂತೆ ನಾನೂ ತಂಗಿಯೂ ಕುಳಿತು, ಒಂದು ಆರ್ಡರ್ ಬಂದರೆ ಅದರ ವಿವರ ಎಲ್ಲೆಲ್ಲಿ ಹೋಗುತ್ತದೆ ಎಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆವು. ನಮ್ಮದೇ ಹೆಸರಿನಲ್ಲಿ ಒಂದು ಲೀಟರ್ ಎಣ್ಣೆಗೆ ಆರ್ಡರ್ ಹಾಕಿ ಹಿಂಬಾಲಿಸಿದೆವು.

ನಮಗೊಂದು ಇ-ಮೇಲ್ ಬಂತು. ಅದರಲ್ಲಿ ನಮ್ಮ ವಿಳಾಸದ ಪಕ್ಕದಲ್ಲಿ ಇನ್ನೊಂದು ವಿಳಾಸವೂ ಇತ್ತು. ತಾಣ ಮಾಡಿದವರು ಮೂರು ವರ್ಷದ ಹಿಂದೆ ಫಾರಂ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸಲು ಹಾಕಿಕೊಂಡ ಅವರ ಸ್ವಂತ ವಿಳಾಸ ಅದು. ಅಂದರೆ ಮೂರು ವರ್ಷದಿಂದ ಬಂದ ಪ್ರತಿಯೊಂದು ಆರ್ಡರಿನ ಹೆಸರು, ಮನೆ ವಿಳಾಸ, ಫೋನ್ ನಂಬರ್, ಆ ದರಿದ್ರ ಹುಟ್ಟಿದ ದಿನಾಂಕ ಎಲ್ಲವೂ ಅವರಿಗೂ ಹೋಗಿದೆ. ಪ್ರತಿದಿನ ಆ ಮೇಲನ್ನು ತೆರೆಯುತ್ತಿದ್ದವನು ನಾನೇ. ಆ ಸಾಲನ್ನು ಒಂದು ದಿನವೂ ಓದಿರಲಿಲ್ಲ.

ಇನ್ನೊಂದು, ಪಾರ್ಸೆಲ್ ಕಟ್ಟುವ ಹುಡುಗರಿಗೆ ಸುಲಭವಾಗಲೆಂದು ಆರ್ಡರುಗಳ ಪಟ್ಟಿಯನ್ನು "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಎಂದು ಇಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದೆವು. ಕೆಲಸ ಬಿಟ್ಟು ಹೋದ ಇಬ್ಬರು ಆ ಗುಂಪಿನಲ್ಲಿ ಇನ್ನೂ ಇದ್ದಾರೆ. ಚಿಕ್ಕನಾಯಕನಹಳ್ಳಿಯವರ ನಂಬರು ಇವುಗಳಲ್ಲಿ ಯಾವ ದಾರಿಯಲ್ಲಿ ಹೋಯಿತೋ, ನಮ್ಮಿಂದ ಹೋಗಲೇ ಇಲ್ಲವೋ, ಈಗ ಹೇಳಲು ಬರುವುದಿಲ್ಲ. ಯಾರಿಗೂ ಕೊಟ್ಟಿಲ್ಲ ಎಂದು ಅಷ್ಟು ಜೋರಾಗಿ ಹೇಳಬಾರದಿತ್ತು.

ಕಲ್ಲುಬಂಡೆ, ಮಧುಗಿರಿ
ಇದು ಗಂಭೀರವಾಯಿತು. ಮೊದಲು ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಪರೀಕ್ಷೆಯ ವಿಳಾಸ ಉಳಿದುಹೋಗುವುದು ನಮ್ಮ ಕೆಲಸದಲ್ಲಿ ಆಗಾಗ ಕಾಣುವ ತಪ್ಪು. ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ವಿಳಾಸವನ್ನು ತೆಗೆಸಿ, ಬಂದ ಮೇಲುಗಳನ್ನೆಲ್ಲ ಅಳಿಸಿದ್ದೇನೆ ಎಂದು ಅವರಿಂದ ಬರಹದಲ್ಲಿ ಪಡೆಯಿರಿ. ಹೋಸ್ಟಿಂಗ್ ಖಾತೆಯ ಪಾಸ್‌ವರ್ಡನ್ನೂ ಬದಲಿಸಿ, ಅದು ಕೂಡ ಅವರ ಬಳಿ ಇರುತ್ತದೆ. ತಾಣದ ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಇತ್ತಲ್ಲ ಎಂದು ಕೇಳಬೇಡಿ. ಆ ಬೀಗ ಗ್ರಾಹಕರ ಫೋನಿನಿಂದ ಸರ್ವರಿಗೆ ಹೋಗುವ ದಾರಿಯನ್ನು ಮಾತ್ರ ಕಾಯುತ್ತದೆ.

ಕಪ್ಪುಕೋಟು, ತುಮಕೂರು
ಮಾಹಿತಿ ಸೋರಿಕೆಯಂಥ ಘಟನೆ ತಿಳಿದ 6 ಗಂಟೆಯೊಳಗೆ ವರದಿ ಮಾಡಬೇಕೆಂದು, ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನವಿದೆ. ಇ-ಮೇಲ್ ಮೂಲಕವೇ ತಿಳಿಸಬಹುದು. ಹೊಸ ಕಾಯ್ದೆ ಪೂರ್ತಿ ಜಾರಿಗೆ ಬಂದ ಮೇಲೆ ಇಂಥದ್ದನ್ನು ತಡಮಾಡದೆ ಆಯಾ ಗ್ರಾಹಕರಿಗೂ ಆ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಿಳಿಸಿ, 72 ಗಂಟೆಯೊಳಗೆ ಮಂಡಳಿಗೆ ವಿವರವಾದ ವರದಿ ಕೊಡಬೇಕಾಗುತ್ತದೆ. ಭದ್ರತೆಯಲ್ಲಿ ವಿಫಲರಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಹೌಹಾರಬೇಡಿ, ಅದು ಮಿತಿ, ತಪ್ಪಿನ ಸ್ವರೂಪ ನೋಡಿ ಮೊತ್ತ ನಿರ್ಧಾರವಾಗುತ್ತದೆ.

ಮಾವಿನತೋಪು, ಶ್ರೀನಿವಾಸಪುರ
ಆ 250 ಕೋಟಿಯಲ್ಲಿ ಕಾಟ ಅನುಭವಿಸಿದ ಗ್ರಾಹಕನಿಗೆ ಎಷ್ಟು ಬರುತ್ತದೆ?

ಕಪ್ಪುಕೋಟು, ತುಮಕೂರು
ಒಂದು ರೂಪಾಯಿಯೂ ಇಲ್ಲ. ದಂಡ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಪರಿಹಾರಕ್ಕೆ ದಾರಿಯಾಗಿದ್ದ 43ಎ ಕಲಮನ್ನು ಹೊಸ ಕಾಯ್ದೆ ತೆಗೆದುಹಾಕುತ್ತದೆ. ಆ ಕಲಮು ಕೂಡ ಪಾಸ್‌ವರ್ಡ್, ಬ್ಯಾಂಕಿನ ವಿವರ, ಆರೋಗ್ಯ, ಬೆರಳಚ್ಚಿನಂಥ ಸೂಕ್ಷ್ಮ ಮಾಹಿತಿಗೆ ಮಾತ್ರ ಸೀಮಿತವಾಗಿತ್ತು, ಬರೀ ಫೋನ್ ನಂಬರಿಗೆ ಒದಗುತ್ತಿರಲಿಲ್ಲ. ಇದು ನನಗೂ ಒಪ್ಪಿಗೆಯಾಗದ ಸಂಗತಿ. ಮತ್ತೊಂದೆಡೆ, ಸುಳ್ಳು ಅಥವಾ ಹುರುಳಿಲ್ಲದ ದೂರು ಕೊಟ್ಟ ಗ್ರಾಹಕರಿಗೆ 10,000 ರೂಪಾಯಿವರೆಗೆ ದಂಡ ಹಾಕಬಹುದು.

ಮಾವಿನತೋಪು, ಶ್ರೀನಿವಾಸಪುರ
ಹಸು ನನ್ನದು, ಹಾಲು ಡೇರಿಗೆ, ಒದೆ ಮಾತ್ರ ನನಗೆ.

ಗಾಣದಮನೆ, ತಿಪಟೂರು
ಇನ್ನೊಂದು ಸಂಶಯ. ಗ್ರಾಹಕರು ನನ್ನದೆಲ್ಲವನ್ನೂ ಅಳಿಸಿ ಎಂದರೆ ಅಳಿಸಲೇ? ಜಿಎಸ್‌ಟಿ ಲೆಕ್ಕ ನೋಡುವವರು ಬಿಲ್ಲು ಇಟ್ಟುಕೊಳ್ಳಲೇಬೇಕು ಎನ್ನುತ್ತಾರೆ.

ಕಪ್ಪುಕೋಟು, ತುಮಕೂರು
ಅವರು ಹೇಳಿದ್ದು ಸರಿ. ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಲು ಇರುವ ಕೊನೆಯ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಬೇರೆ ಕಾನೂನು ಇಟ್ಟುಕೊಳ್ಳಿ ಎಂದದ್ದನ್ನು ಇಟ್ಟುಕೊಳ್ಳಲು ಹೊಸ ಕಾಯ್ದೆಯಲ್ಲಿ ಅವಕಾಶವಿದೆ. ಬಿಲ್ಲು ಉಳಿಸಿ, ಮಿಕ್ಕದ್ದನ್ನು ಅಳಿಸಿ. ಉಳಿಸುತ್ತೇವೆ ಎಂದು ನೀತಿಯಲ್ಲಿ ಬರೆಯಿರಿ.

ಗಾಣದಮನೆ, ತಿಪಟೂರು
ತಂಗಿ ಬರೆದ ಕರಡು ಇಲ್ಲಿದೆ. ತಿದ್ದಿಕೊಡಿ.

"ಎಣ್ಣೆ ತಲುಪಿಸಲು ನಿಮ್ಮ ಹೆಸರು, ವಿಳಾಸ, ಫೋನ್ ನಂಬರ್ ಪಡೆಯುತ್ತೇವೆ. ಬೇರೇನನ್ನೂ ಕೇಳುವುದಿಲ್ಲ. ಹೆಸರು, ವಿಳಾಸ, ನಂಬರುಗಳನ್ನು ಪಾರ್ಸೆಲ್ ಒಯ್ಯುವವರಿಗೆ ಕೊಡುತ್ತೇವೆ, ಡಬ್ಬದ ಮೇಲಿನ ಚೀಟಿಯಲ್ಲೂ ಅವು ಇರುತ್ತವೆ. ಡಬ್ಬ ಎಸೆಯುವ ಮೊದಲು ಆ ಚೀಟಿ ಹರಿಯಿರಿ. ನೀವು ಕಾರ್ಡಿನಿಂದ ಹಣ ಕೊಟ್ಟರೆ ಕಾರ್ಡಿನ ನಂಬರ್ ಪಾವತಿ ಕಂಪನಿಗೆ ಹೋಗುತ್ತದೆ, ನಮಗೆ ಕಾಣುವುದಿಲ್ಲ. ಯುಪಿಐ ಮೂಲಕ ಕೊಟ್ಟರೆ ನಿಮ್ಮ ಹೆಸರು ಮತ್ತು ಯುಪಿಐ ಗುರುತು ನಮಗೆ ಕಾಣಬಹುದು.

ನಿಮ್ಮ ಬುಟ್ಟಿಯಲ್ಲಿ ಏನಿದೆ ಎಂದು ನೆನಪಿಡಲು ಒಂದು ಕುಕೀ ಇಡುತ್ತೇವೆ. ಜಾಹೀರಾತಿನವರ ಗುರುತು ನಮ್ಮ ತಾಣದಲ್ಲಿಲ್ಲ. ನೀವು ನಕ್ಷೆಯನ್ನೋ ವಿಡಿಯೊವನ್ನೋ ಒತ್ತಿ ತೆರೆದರೆ ಮಾತ್ರ ಅವನ್ನು ಒದಗಿಸುವ ಕಂಪನಿಗೆ ನಿಮ್ಮ ಭೇಟಿಯ ಸುದ್ದಿ ಹೋಗುತ್ತದೆ. ಹಬ್ಬದ ರಿಯಾಯಿತಿಯ ಸಂದೇಶ ಬೇಕೆಂದವರಿಗೆ ಮಾತ್ರ ಕಳುಹಿಸುತ್ತೇವೆ. 'ಬೇಡ' ಎಂದು ಒಂದು ಸಂದೇಶ ಕಳುಹಿಸಿದರೆ ನಿಲ್ಲಿಸುತ್ತೇವೆ.

ತೆರಿಗೆ ಕಾನೂನಿನಂತೆ ಬಿಲ್ಲನ್ನು ಆರು ವರ್ಷಕ್ಕೂ ಹೆಚ್ಚು ಕಾಲ ಇಡಬೇಕಾಗುತ್ತದೆ. ಉಳಿದದ್ದನ್ನು ನೀವು ಕೇಳಿದರೆ ಅಳಿಸುತ್ತೇವೆ. ಹಿಂದೆ ನಿಮ್ಮ ಆರ್ಡರಿನ ವಿವರಗಳು ನಮ್ಮ ಗಮನಕ್ಕೆ ಬಾರದೆ, ಈ ತಾಣ ಮಾಡಿಕೊಟ್ಟವರಿಗೂ ಹೋಗುತ್ತಿದ್ದವು. ಈಗ ನಿಲ್ಲಿಸಿದ್ದೇವೆ. ಕ್ಷಮೆ ಇರಲಿ."

ಹಳೇ ಮೇಷ್ಟ್ರು, ಕೋಲಾರ
ನಿಮ್ಮ ತಂಗಿಗೆ ನೂರಕ್ಕೆ ತೊಂಬತ್ತು. ಕೊನೆಯ ಮೂರು ಸಾಲುಗಳು ಪುಟದ ತಳದಲ್ಲಿರುವುದು ಬೇಡ, ಮೇಲಕ್ಕೆ ಬರಲಿ.

ನಂದಿತಪ್ಪಲು, ಚಿಕ್ಕಬಳ್ಳಾಪುರ
ಸರ್ವರಿನ ಲಾಗ್ ಬಿಟ್ಟುಹೋಗಿದೆ. ಯಾರು ಯಾವ ಪುಟ ತೆರೆದರು ಎಂದು ನಿಮ್ಮ ಸರ್ವರ್ ತಾನಾಗಿಯೇ ಬರೆದಿಡುತ್ತದೆ, ಐಪಿ ವಿಳಾಸ ಸಮೇತ. ಅದಕ್ಕೂ ಒಂದು ಸಾಲು ಸೇರಿಸಿ. ನಕ್ಷೆ, ವಿಡಿಯೊಗಳು ಒತ್ತುವವರೆಗೂ ತೆರೆಯದಂತೆ ನಿಜವಾಗಿ ಮಾಡಿದ್ದೀರಾ, ಅಥವಾ ಬರೀ ಬರೆದಿದ್ದೀರಾ?

ಗಾಣದಮನೆ, ತಿಪಟೂರು
ಇನ್ನೂ ಇಲ್ಲ. ಭಾನುವಾರ ಮಾಡಿಸಿ ಆಮೇಲೆ ಪುಟ ಹಾಕುತ್ತೇನೆ. ಹುಟ್ಟಿದ ದಿನಾಂಕದ ಖಾನೆ ನಿನ್ನೆಯೇ ಹೋಯಿತು.

ಝೆರಾಕ್ಸ್ ಅಂಗಡಿ, ಚಿಂತಾಮಣಿ
ನಾನೂ ಕಡತಗಳನ್ನು ಅಳಿಸಿದೆ. ರೀಸೈಕಲ್ ಬಿನ್ನಿನಲ್ಲಿ ಅಷ್ಟೂ ಹಾಗೇ ಕೂತಿದ್ದವು, ಅಲ್ಲಿಂದಲೂ ತೆಗೆದೆ. ಅಜ್ಜಿಯದು ಮಾತ್ರ ಇಟ್ಟಿದ್ದೇನೆ, ಬಂದಾಗ ಕೇಳುತ್ತೇನೆ.

ಕಪ್ಪುಕೋಟು, ತುಮಕೂರು
ದೂರು ಕೊಡಬೇಕಾದವರ ಹೆಸರು, ಫೋನ್ ನಂಬರ್ ನಿಮ್ಮ ಕರಡಿನಲ್ಲಿಲ್ಲ. ಅದು ಇರಲೇಬೇಕು.

ಗಾಣದಮನೆ, ತಿಪಟೂರು
ಕರೆಗಳನ್ನೆಲ್ಲ ತೆಗೆದುಕೊಳ್ಳುವವಳು ತಂಗಿಯೇ. ನಂಬರು ಅವಳ ಸ್ವಂತದ್ದು, ಗಂಡನ ಮನೆಯವರೂ ಅದಕ್ಕೇ ಕರೆಯುವುದು. ಹಾಕಬಹುದೇ ಎಂದು ಸಂಜೆ ಅವಳನ್ನು ಕೇಳುತ್ತೇನೆ, ಬೇಡ ಎಂದರೆ ಅಂಗಡಿಗೆ ಬೇರೆ ಸಿಮ್ ತೆಗೆದುಕೊಳ್ಳುತ್ತೇವೆ.